ಒಂದು ಚುಕ್ಕಿ ನಾಲ್ಕು

ನಮ್ಮಕ್ಕನ ಮಗಳಿಗೆ ಶಾಲೆಯ ಹಾಜರಿಯಲ್ಲಿ ಚೆಂದದ ಹೆಸರೊಂದಿದೆ. ಮನೆಯಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ಮಾತು ಬಂದಾಗಿನಿಂದ ಅವಳು ಕಂಡದ್ದಕ್ಕೆಲ್ಲ 'ಯಾಕಮ್ಮ?' ಎಂದು ಕೇಳುತ್ತಲೇ ಬೆಳೆದವಳು. ಹಾಲು ಉಕ್ಕಿದರೆ ಯಾಕಮ್ಮ, ಬೆಕ್ಕು ಸೀನಿದರೆ ಯಾಕಮ್ಮ, ಪಕ್ಕದ ಮನೆಯವರ ತಲೆ ಬೋಳಾದರೆ ಅವರೆದುರಿಗೇ ಯಾಕಮ್ಮ. ಕೊನೆಗೆ ನಾನು ಅದನ್ನೇ ಹೆಸರಾಗಿ ಇಟ್ಟುಬಿಟ್ಟೆ. ಯಾಕಮ್ಮ ಎಂದು ಕೂಗಿದರೆ ಯಾವುದೋ ಅಜ್ಜಿ ಕೋಲೂರಿಕೊಂಡು ಬರಬಹುದು ಎನಿಸುತ್ತದೆ. ಬರುವುದು ಎರಡು ಜಡೆಯ ಏಳು ವರ್ಷದ ಪೋರಿ.

ಅಕ್ಕ ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಅವಳ ಕಣ್ಣು ಮಂಜಾಗುತ್ತಾ ಬಂದು, ಈಗ ದೀಪ ಹತ್ತಿದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಕಿವಿ ಮಾತ್ರ ಮಹಾ ಕಿಲಾಡಿ. ಆ ಕಡೆಯವರು 'ಹಲೋ' ಎನ್ನುವಷ್ಟರಲ್ಲಿ ಅವರಿಗೆ ಹೆರಿಗೆ ವಾರ್ಡು ಬೇಕೋ ಬಿಲ್ಲಿನ ಕೌಂಟರು ಬೇಕೋ ಅವಳಿಗೆ ಗೊತ್ತಾಗಿರುತ್ತದೆ. ಭಾವನದು ಸಂಜೆ ಪಾಳಿಯ ಕೆಲಸ. ಹಾಗಾಗಿ ಸಂಜೆಗಳಲ್ಲಿ ಮನೆಯಲ್ಲಿರುವುದು ನಾವು ಮೂವರೇ.

ಅವತ್ತು ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು. ತಾರೆ ಸಿಗುವ ಜಾಗವಾದ್ದರಿಂದಲೇ ಅದು ತಾರಸಿ ಎಂಬುದು ನನ್ನ ಸ್ವಂತ ಸಂಶೋಧನೆ. ಮನೆಯಲ್ಲಿ ಇನ್ನೂ ಯಾರೂ ಒಪ್ಪಿಲ್ಲ.

"ಅಮ್ಮ, ಅದ್ಯಾವ ಚುಕ್ಕಿ?" ಎಂದ ಯಾಕಮ್ಮ ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಓ, ನಿಂಗೆ ಕಾಣಲ್ಲ ಅಲ್ವಾ! ಮಾಮ, ನೀನ್ ಹೇಳು."

ಅಕ್ಕ ಏನೂ ಆಗದವಳಂತೆ ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕಿದಳು. ಕೆಳಗಿಳಿದ ಮೇಲೆ ನನ್ನ ತೋಳು ಹಿಡಿದಳು.

"ನೋಡಿದ್ಯೇನೋ, ನನ್ನ ಯಾಕಮ್ಮ ಯಾಕ್ಮಾಮ ಆಗ್ಬಿಟ್ಳು."

"ಹೋಗ್ಲಿ ಬಿಡೇ ಅಕ್ಕ, ನಂಗೂ ಏನ್ ಗೊತ್ತು? ವಿಮಾನ ಅಂತ ಹೇಳ್ದೆ."

"ಉತ್ತರದ ವಿಷ್ಯ ಅಲ್ಲ ಕಣೋ. ಅವಳು ನನ್ನ ಕೇಳ್ಬೇಕು. ಅಷ್ಟೇ."

ನನ್ನ ಉದ್ಯೋಗ ತೂಕದ ಯಂತ್ರಗಳೊಳಗಿನ ಪ್ರೋಗ್ರಾಂ ಬರೆಯುವುದು. ಆದ್ದರಿಂದ ಅಕ್ಕನ ಮಾತಿನ ತೂಕ ನನಗೆ ಸರಿಯಾಗಿಯೇ ತಾಗಿತು.

ಫೋನನ್ನು ಆಕಾಶದತ್ತ ಹಿಡಿದರೆ ಅಲ್ಲಿರುವುದರ ಹೆಸರು ತೋರಿಸುವ ತಂತ್ರಾಂಶವೊಂದಿದೆ. ಅದಕ್ಕೆ ಮಾಲೀಕರೆಂಬುವರಿಲ್ಲ. ಎಲ್ಲೆಲ್ಲಿಯವರೋ ಬಿಡುವಿನಲ್ಲಿ ಕೂತು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ, ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟದ್ದು. ಅದರ ಒಡಲಿನ ಪ್ರೋಗ್ರಾಂ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ಹೊಸದನ್ನು ಸೇರಿಸಲು ಕಳಿಸಬಹುದು. ಪರಿಶೀಲಕರು ಒಪ್ಪಬೇಕು ಅಷ್ಟೆ. ಅದು ಹೆಸರು ತೋರಿಸುತ್ತಿತ್ತು, ಹೇಳುತ್ತಿರಲಿಲ್ಲ. ನಾನು ಅದಕ್ಕೆ ಕನ್ನಡದಲ್ಲಿ ಬಾಯಿ ಬರಿಸಲು ಹೊರಟೆ. ಗುರಿ ಸರಿಯಾದಾಗ ಫೋನು ಗುರ್ ಎಂದು ನಡುಗಬೇಕು, ನಡುಗಿದ ಮೇಲೆ ನುಡಿಯಬೇಕು.

ಇನ್ನೊಬ್ಬರ ದನಿ ಕದ್ದು ಅಣಕಿಸುವುದು ನನ್ನ ಹಳೆಯ ಚಟ. ಗ್ರಹಗಳು ಸಿಕ್ಕಮೇಲೆ ಬಿಡುತ್ತೇನೆಯೇ? ಶನಿಗೆ ನಮ್ಮ ಆಫೀಸಿನ ಅಕೌಂಟೆಂಟರ ದನಿ ಕೊಟ್ಟೆ: "ನಾ...ನು... ಶ...ನಿ," ಮಧ್ಯೆ ಒಂದು ಆಕಳಿಕೆ. ಬುಧನಿಗೆ ಬಸ್ ಕಂಡಕ್ಟರು: "ಬುಧ ಬುಧ ಬುಧ, ನೋಡೋರು ಬೇಗ ನೋಡ್ಕೊಳ್ಳಿ, ಹೊರಟ!" ಚಂದ್ರನಿಗೆ ಪಕ್ಕದ ಮನೆಯವರು, ಕಾರಣ ಹೇಳಬೇಕಿಲ್ಲ.

ನಕ್ಷತ್ರದ ಪ್ರಕಾಶವನ್ನು ಅಲ್ಲಿ ಅಂಕಿಯಲ್ಲಿ ಹೇಳುತ್ತಾರೆ. ಮಖಾ ನಕ್ಷತ್ರಕ್ಕೆ 1.4. ನಾವೆಲ್ಲ 'ಒಂದು ಪಾಯಿಂಟ್ ನಾಲ್ಕು' ಎನ್ನುವವರೇ. ಅವತ್ತು ಮಾತ್ರ ನನ್ನ ಭಾಷಾಭಿಮಾನ ಹಾಲಿನಂತೆ ಉಕ್ಕಿ, ಪಾಯಿಂಟನ್ನು ಕಿತ್ತೆಸೆದು ಚುಕ್ಕಿ ಇಟ್ಟೆ. ಅಂಕಿಯ ನಡುವಿನದೂ ಚುಕ್ಕಿ, ಆಕಾಶದ ನಡುವಿನದೂ ಚುಕ್ಕಿ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಎಲ್ಲವನ್ನೂ ಕಳಿಸಿದೆ.

ಪರಿಶೀಲಕರ ಮುಖವಿರಬೇಕಾದ ಜಾಗದಲ್ಲಿ ಗೂಬೆಯ ಚಿತ್ರವಿತ್ತು. ಗೂಬೆಯವರು ಹೀಗೆ ಬರೆದರು: "ನಿಮ್ಮ ಭಾಷೆ ನನಗೆ ಬಾರದು. ಆದರೂ ಎರಡು ಪ್ರಶ್ನೆ. ಶನಿ ಯಾಕೆ ಆಕಳಿಸುತ್ತಾನೆ? ಕಣ್ಣು ಕಾಣದವರು ಯಾರಾದರೂ ಇದನ್ನು ಬಳಸಿ ನೋಡಿದ್ದಾರೆಯೇ?"

ಮೊದಲನೆಯದಕ್ಕೆ ನನ್ನಲ್ಲಿ ದೊಡ್ಡ ಉತ್ತರವಿತ್ತು. ಎರಡನೆಯದನ್ನು ಮತ್ತೆ ಓದಿದೆ. ಅಷ್ಟೂ ದಿನ ನಾನು ಪರೀಕ್ಷಿಸಿದ್ದು ಕಣ್ಣೆರಡನ್ನೂ ಅಗಲಿಸಿಕೊಂಡು.

ಮರುದಿನ ಸಂಜೆ ಅಕ್ಕನನ್ನು ತಾರಸಿಗೆ ಕರೆದೊಯ್ದೆ. ಅವಳು ಫೋನಿನ ಅಂಚಿಗೆ ತೋರುಬೆರಳು ಚಾಚಿ ಆಕಾಶವನ್ನು ಸವರಿದಳು. ಗುರ್ ಎಂದಿತು. "ಮಖಾ," ಎಂದಿತು ನನ್ನ ದನಿ, ನಾಟಕದ ರಾಜನ ಗತ್ತಿನಲ್ಲಿ. "ಪ್ರಕಾಶ, ಒಂದು ಚುಕ್ಕಿ ನಾಲ್ಕು."

"ಮಾಮ ಫೋನೊಳಗೆ ಕೂತಿದಾನೆ!" ಯಾಕಮ್ಮ ಬಿದ್ದು ಬಿದ್ದು ನಕ್ಕಳು.

ಅಕ್ಕ ಬೆರಳು ಕದಲಿಸಲಿಲ್ಲ. "ನೋಡೇ, ಅಲ್ಲೊಂದು ಚುಕ್ಕಿ ಇದೆ. ಪಕ್ಕದಲ್ಲಿ ನಾಲ್ಕು. ಕಾಣ್ತಾ?"

ಅಲ್ಲಿದ್ದದ್ದು ಒಂದೇ. ಯಾಕಮ್ಮನ ನಗು ನಿಂತಿತು. ಆಕಾಶ ನೋಡಿದಳು, ಅಮ್ಮನ ಮುಖ ನೋಡಿದಳು. "ಹ್ಞೂಂ ಅಮ್ಮ, ಕಾಣ್ತಿದೆ," ಎಂದಳು ಮೆಲ್ಲಗೆ. "ನಾಲ್ಕೂ ಕಾಣ್ತಿದೆ."

ಮಗು ಕೆಳಗೆ ಓಡಿದ ಮೇಲೆ ಅಕ್ಕ ನೀರಿನ ಟ್ಯಾಂಕಿಗೆ ಒರಗಿ ಕೂತಳು.

"ನಾಲ್ಕಿಲ್ಲ ಅಲ್ವಾ?"

"ಇಲ್ಲ. ಅದು ಪಾಯಿಂಟು ಕಣೇ. ಒಂದು ಪಾಯಿಂಟ್ ನಾಲ್ಕು. ನಾನೇ ಚುಕ್ಕಿ ಅಂತ..."

"ಆಸ್ಪತ್ರೆ ಫೋನ್ ಬೋರ್ಡಲ್ಲಿ ಕೂತು ದಿನಾ ಕೇಳ್ತೀನಲ್ಲೋ, 'ಏನಿಲ್ಲ, ಸುಮ್ನೆ ಫೋನ್ ಮಾಡ್ದೆ' ಅನ್ನೋರ ದನಿ. ಅದೇ ದನಿ ಬಂತು ಅವಳಿಗೆ. ಅಷ್ಟುದ್ದ ಮಗು ನನ್ನ ಸಮಾಧಾನ ಮಾಡೋ ಹಾಗಾಯ್ತು." ಆಮೇಲೆ ಸೇರಿಸಿದಳು, "ಸಾಲದ್ದಕ್ಕೆ ಅದರೊಳಗೂ ನೀನೇ ಕೂತಿದೀಯ, ಮಾರಾಯ."

ಅಂಕಿಗಳನ್ನು ತೆಗೆದುಹಾಕಿದೆ. ಆಮೇಲೆ ರಾಜ, ಕಂಡಕ್ಟರು, ಪಕ್ಕದ ಮನೆಯವರು, ಎಲ್ಲರನ್ನೂ ಒಬ್ಬೊಬ್ಬರಾಗಿ ಅಳಿಸಿದೆ. ಶನಿಯ ಆಕಳಿಕೆಗೆ ಬಂದಾಗ ಕೈ ಸ್ವಲ್ಪ ತಡೆಯಿತು, ಅದನ್ನೂ ಅಳಿಸಿದೆ.

"ಈಗ ಯಾರು ಮಾತಾಡ್ತಾರೆ?" ಎಂದಳು ಅಕ್ಕ.

"ಆಸ್ಪತ್ರೆಗೆಲ್ಲ ಮಾತಾಡೋಳು ನೀನು. ಆಕಾಶಕ್ಕೆ ಲೈನ್ ಕೊಡೋಕಾಗಲ್ವಾ?"

ದನಿ ಮುದ್ರಿಸುವಾಗ ಬೀದಿಯ ಗಲಾಟೆ ಸೇರದಿರಲೆಂದು ಅಕ್ಕ ಬೀರುವಿನ ಬಟ್ಟೆಗಳ ನಡುವೆ ತಲೆ ತೂರಿಸಿ ನಿಂತಳು. "ಮಖಾ ನಕ್ಷತ್ರ. ಒಂಟಿಯಾಗಿದೆ. ಸುಲಭವಾಗಿ ಕಾಣುತ್ತದೆ. ದಯವಿಟ್ಟು ಲೈನಿನಲ್ಲಿರಿ."

"ಅಕ್ಕಾ! ಲೈನ್ ಯಾಕೆ?"

"ಅಯ್ಯೋ, ಅಭ್ಯಾಸಬಲ ಕಣೋ!" ಸೀರೆಗಳ ಒಳಗಿಂದಲೇ ನಕ್ಕಳು. ಆ ವಾಕ್ಯವನ್ನು ನಾನು ಎಸೆಯಲಿಲ್ಲ. ಫೋನು ದಿಕ್ಕು ಹುಡುಕುತ್ತಿರುವಾಗ ಹೇಳಲು ಅದಕ್ಕಿಂತ ಒಳ್ಳೆಯ ಮಾತು ಎಲ್ಲಿದೆ?

ಈ ಬಾರಿ ಗೂಬೆಯವರಿಂದ ಬಂದದ್ದು ನಾಲ್ಕು ಸಾಲು. "ಸೇರಿಸಿದ್ದೇನೆ. ಇನ್ನು ಇದು ಎಲ್ಲರ ಫೋನಿಗೂ ಹೋಗುತ್ತದೆ. ಯಾರದೋ ದನಿ, ಒಂದಕ್ಷರ ತಿಳಿಯದಿದ್ದರೂ ಕಾಯೋಣ ಎನಿಸಿತು. ಶನಿಯ ಆಕಳಿಕೆ ಹೋದದ್ದಕ್ಕೆ ಮಾತ್ರ ಬೇಜಾರಿದೆ." ಅಕ್ಕನಿಗೆ ಓದಿ ಹೇಳಿದೆ. ತನ್ನಂಥವರು ಇನ್ನೆಲ್ಲೆಲ್ಲಿ ತಾರಸಿ ಹತ್ತಿರಬಹುದೋ ಎಂದು ಲೆಕ್ಕ ಹಾಕುವವಳಂತೆ ಬೆರಳು ಮಡಿಸಿದಳು.

ಆಮೇಲೊಂದು ಸಂಜೆ ತಾರಸಿಯಲ್ಲಿ, ಸೂರ್ಯ ಮುಳುಗಿ ಕತ್ತಲು ಕವಿಯುತ್ತಿತ್ತು. ಅಕ್ಕ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಫೋನಿನೊಳಗಿನ ಅವಳ ದನಿ ಅವಳಿಗಷ್ಟೇ ಕೇಳುವ ಹಾಗೆ.

"ಯಾಕಮ್ಮ, ಬಾ ಇಲ್ಲಿ. ನನ್ನ ಬೆರಳ ತುದಿ ನೋಡು. ಶುಕ್ರ."

ಯಾಕಮ್ಮ ಅಮ್ಮನ ತೋಳಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದಳು. "ಹೌದು! ಅಮ್ಮ, ಅಲ್ಲೇ ಇದೆ!"

ಅಕ್ಕನ ಕಿವಿ ಆ ದನಿಯನ್ನು ತೂಗಿ ನೋಡಿತು. ಮುಖ ಅರಳಿತು.

"ಆದ್ರೆ ಮೇಲಿರೋ ಮಖಾ ಮಿಣುಕ್ತಾ ಇದೆ. ಇದು ಮಿಣುಕ್ತಾನೇ ಇಲ್ಲ," ಎಂದು ಯಾಕಮ್ಮ ನನ್ನತ್ತ ತಿರುಗಿದಳು. ಉತ್ತರ ನನಗೆ ಗೊತ್ತಿತ್ತು. ಆ ತಂತ್ರಾಂಶದ ಸಾಲುಗಳನ್ನು ಓದಿ ಓದಿ ಅಷ್ಟಾದರೂ ಕಲಿತಿದ್ದೆ. ಬಾಯಿ ತೆರೆಯುವ ಮೊದಲೇ ಅಕ್ಕನ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಬಲವಾಗಿ ಕೂತಿತು. ಕಣ್ಣು ಕಾಣದವಳ ಗುರಿ ಅದು! ನಾನು ಹಲ್ಲು ಕಚ್ಚಿ ಪಕ್ಕದ ಮನೆಯ ಕಿಟಕಿ ನೋಡಿದೆ.

ಮಗು ಒಂದು ಕ್ಷಣ ಕಾಯಿತು. ಆಮೇಲೆ ಅಮ್ಮನ ಸೆರಗು ಜಗ್ಗಿತು.

"ಯಾಕಮ್ಮ?"

ಅಕ್ಕ ಇಯರ್‌ಫೋನ್ ಕಿತ್ತು ಕೆಳಗೆ ಕೂತು, ಮಗಳನ್ನು ಮಡಿಲಿಗೆ ಎಳೆದುಕೊಂಡಳು.

"ನಂಗೂ ಗೊತ್ತಿಲ್ಲ ಕಣೇ. ಇಬ್ರೂ ಸೇರಿ ಹುಡುಕೋಣ," ಎಂದಳು. ಆಮೇಲೆ ಮಗಳ ಜಡೆ ಹಿಂದಕ್ಕೆ ಸರಿಸಿ, ಆಸ್ಪತ್ರೆಯ ದನಿಯಲ್ಲಿ ಹೇಳಿದಳು: "ದಯವಿಟ್ಟು ಲೈನಿನಲ್ಲಿರಿ."