ಮೂರನೆಯ ಎಡೆ

ಉತ್ತರಿ ಮಳೆ ಹಿಡಿದಿತ್ತು. ಒಂದು ಸಲ ಹೊಡೆದು, ತುಸು ಬಿಸಿಲು ತೋರಿಸಿ, ಮತ್ತೆ ಹೊಡೆಯುವ ಮಳೆ. ಊರಲ್ಲಾದರೆ ಇದು ಸಜ್ಜೆ ತೆನೆ ಬಲಿಯುವ ಹೊತ್ತು. ಮುಲುಂಡಿನ ಲ್ಯಾಬಿನಲ್ಲಿ ಮಹಾದೇವಿ ಕೊಡೆಯನ್ನು ಮೂಲೆಗೆ ಒರಗಿಸಿ, ಕೈ ತೊಳೆದು ಗವಸು ಹಾಕಿಕೊಂಡು, ಇನ್‌ಕ್ಯುಬೇಟರಿನ ಬಾಗಿಲ ಮೇಲಿನ ಅಂಕಿಯನ್ನು ಪುಸ್ತಕದಲ್ಲಿ ಬರೆದಳು. ಮೂವತ್ತೇಳು. ಮನುಷ್ಯರ ಮೈಯ ಬಿಸಿ. ಏಳು ವರ್ಷದಿಂದ ದಿನಾ ಇದೇ ಅಂಕಿ.

ಟಿ.ಬಿ. ಮೈಯೊಳಗೆ ಅಡಗಿದೆಯೇ ಎಂದು ನೋಡುವ ಪರೀಕ್ಷೆ ಅದು. ಒಬ್ಬೊಬ್ಬರಿಂದ ನಾಲ್ಕು ಟ್ಯೂಬು ರಕ್ತ. ಮೊದಲನೆಯದರಲ್ಲಿ ಏನೂ ಇಲ್ಲ. ನಡುವಿನ ಎರಡರಲ್ಲಿ ಕ್ಷಯದ ಕ್ರಿಮಿಯ ಚೂರು; ಇಡೀ ಕ್ರಿಮಿಯಲ್ಲ, ಅದರ ಗುರುತಿಗೆ ಬೇಕಾದಷ್ಟು. ಕೊನೆಯದರಲ್ಲಿ ಎಂಥ ಕಣವನ್ನಾದರೂ ಬಡಿದೆಬ್ಬಿಸುವ ಮದ್ದು. ಟ್ಯೂಬನ್ನು ಹತ್ತು ಸಲ ಅಲ್ಲಾಡಿಸಿ ಒಳಗಿಟ್ಟು ಮರುದಿನ ಬೆಳಿಗ್ಗೆ ತೆಗೆಯುವುದು ಮಹಾದೇವಿಯ ಕೆಲಸ.

ಇದರ ಅರ್ಥವೇನೆಂದು ಸೇರಿದ ಹೊಸದರಲ್ಲೇ ಹೇಳಿಕೊಟ್ಟವಳು ಲ್ಯಾಬಿನ ಡಾಕ್ಟರ್ ರಾಧಿಕಾ. ಮೂಲ ಉಡುಪಿ ಕಡೆ, ಬೆಳೆದದ್ದು ಸಾಂತಾಕ್ರೂಜ್.

“ನೋಡು, ರಕ್ತ ಬಾಡಿಯಿಂದ ಹೊರಗೆ ಬಂತು ಅಂತ ಅದರ ಬಿಳಿ ಕಣ ಸಾಯೋದಿಲ್ಲ. ಒಂದು ಕಣ ಆ ಚೂರನ್ನು ಹಿಡಿದು ಮೇಲೆತ್ತಿ ತೋರಿಸ್ತದೆ. ಇದನ್ನು ಮೊದಲು ನೋಡಿದ್ದ ಕಣ ಅಲ್ಲಿ ಉಂಟಾದ್ರೆ, ಬಸ್, ಕೂಗು ಹಾಕ್ತದೆ. ಆ ಕೂಗೇ ಇಂಟರ್‌ಫೆರಾನ್. ಮೈಯೊಳಗಾದ್ರೆ ಅದನ್ನು ಕೇಳಿ, ಕ್ರಿಮಿ ನುಂಗಿಕೊಂಡು ಸುಮ್ಮನೆ ಕೂತ ಕಣಗಳು ಅದನ್ನು ಅರಗಿಸೋಕೆ ಶುರು ಮಾಡ್ತವೆ. ಇಲ್ಲಿ ನಾವು ಕೂಗು ಎಷ್ಟು ಜೋರು ಅಂತ ಅಳೀತೇವೆ, ಅಷ್ಟೇ.”

“ಮೊದಲು ನೋಡಿರಲಿಲ್ಲಂದ್ರ, ಮೇಡಂ?”

“ಚುಪ್.”

ಈ ವರ್ಷ ಲ್ಯಾಬಿನ ಕೆಲಸದವರ ರಕ್ತವನ್ನೂ ನೋಡಬೇಕೆಂದು ಆಯಿತು. ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ? ಮಹಾದೇವಿ ಇಲ್ಲ ಎಂದು ಗುರುತು ಹಾಕಿದಳು. ಮದುವೆಗೆ ಮುಂಚೆ ಗಂಡಿನ ಕಡೆಯವರು ಕೇಳಿದಾಗ ಅವ್ವ ಹೇಳಿದ್ದೂ ಅದೇ ಮಾತು.

ಹನ್ನೊಂದು ಗಂಟೆಗೆ ತನ್ನ ನಾಲ್ಕು ಟ್ಯೂಬನ್ನು ತಾನೇ ಅಲ್ಲಾಡಿಸಿ ಒಳಗಿಟ್ಟಳು. ಗವಸಿನೊಳಗಿಂದಲೂ ಬೆಚ್ಚಗಿದ್ದವು. ಬಾಗಿಲು ಮುಚ್ಚಿದಳು. ಮುಚ್ಚಿದ ಸದ್ದಿನ ಹಿಂದೆಯೇ ಒಂದು ಬಿಕ್ಕಳಿಕೆ ಬಂತು.

ನೀರು ಕುಡಿದಳು, ಉಸಿರು ಹಿಡಿದಳು, ಸಕ್ಕರೆ ಚೀಪಿದಳು. ನಿಲ್ಲಲಿಲ್ಲ. ಸಂಜೆಯ ಲೋಕಲ್‌ನಲ್ಲಿ ಪಕ್ಕದ ಹೆಂಗಸು ಸರಿದು ಕೂತಳು. ಘಾಟ್ಕೋಪರಿನ ಗುಡ್ಡದ ಚಾಳಿನ ಮೆಟ್ಟಿಲು ಹತ್ತುವಾಗ ಪ್ರತಿ ನಾಲ್ಕನೇ ಮೆಟ್ಟಿಲಿಗೆ ಒಂದು.

ಅವಳ ತಾಯಿ ಲಕ್ಷ್ಮವ್ವ ಬಾಗಿಲಲ್ಲಿ ಮೊರ ಹಿಡಿದು ಸಜ್ಜೆ ಹಸನು ಮಾಡುತ್ತಿದ್ದಳು. ಮಹಾನವಮಿ ಅಮಾವಾಸ್ಯೆಗೆ ನಾಲ್ಕೇ ದಿನ. ಸತ್ತ ಹಿರಿಯರಿಗೆ ಎಡೆ ಇಡಬೇಕು.

“ಯಾರೋ ನೆನಸ್ಲಿಕತ್ತಾರ ನಿನ್ನ. ಹೆಸರು ಹತ್ತಿದ್ರ ತಾನೇ ನಿಲ್ತದ. ಶರಣಬಸಪ್ಪ ಕಾಕಾ?”

ಬಿಕ್ಕಳಿಕೆ.

“ನಿಂಗಣ್ಣ?”

“ನಿನ್ನ ಅಳಿಯ ಪುಣೆದಾಗ ಸ್ಲ್ಯಾಬ್ ಹಾಕ್ಲಿಕತ್ತಾನ. ಅವ ನೆನಸೂದು ರೊಟ್ಟಿ ಹೊತ್ತಿನಾಗ ಅಷ್ಟ.”

“ಹಂಗಾರ ನಿನಗ ಸಾಲ್ಯಾಗ ಬಡೀತಿದ್ದ ಚನ್ನಬಸಯ್ಯ ಮಾಸ್ತರ.”

ಇಬ್ಬರೂ ನಕ್ಕರು. ನಗುವಿನ ನಡುವೆಯೇ ಮತ್ತೊಂದು ಬಂತು. ಮಹಾದೇವಿ ಮೆಲ್ಲಗೆ ಕೇಳಿದಳು, “ಯವ್ವಾ, ಸತ್ತೋರೂ ನೆನಸ್ತಾರೇನು?”

ಮೊರ ನಿಂತಿತು. “ಸತ್ತೋರಿಗೆ ಅಮಾಸಿ ಅದ. ಎಡಿ ಇಟ್ರ ಉಂಡು ಹೋಗ್ತಾರ. ಅವರು ನೆನಸೂದು ಏನದ?” ಮೊರ ಮತ್ತೆ ಆಡಿತು.

ಎಡೆ ಇಡದಿದ್ದರೆ ಎಂದು ಮಹಾದೇವಿ ಕೇಳಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ, ಸುರಪುರದ ಆಚೆಯ ಹಳ್ಳಿಯಲ್ಲಿ, ಅವಳ ಅಕ್ಕ ಚಂದಮ್ಮನಿಗೆ ದೊಡ್ಡ ಕೆಮ್ಮು ಹತ್ತಿತ್ತು. ಊರವರ ಬಾಯಲ್ಲಿ ಟಿ.ಬಿ.ಗೆ ಅದೇ ಹೆಸರು. ಅಕ್ಕನಿಗೆ ಹದಿನಾರು, ಇವಳಿಗೆ ಒಂಬತ್ತು. ಅಕ್ಕನನ್ನು ಹೊಲದ ಗುಡಿಸಲಲ್ಲಿ ಇಟ್ಟರು. ದಾರಿಯಲ್ಲೊಂದು ಹಾಸುಗಲ್ಲು, ಬುತ್ತಿ ಅದರ ಮೇಲಿಟ್ಟು ತಿರುಗಿ ಬರಬೇಕು, ದಾಟಬಾರದು. ದಿನಾ ಸಂಜೆ ಲಕ್ಷ್ಮವ್ವ ಇವಳ ಕೈಯನ್ನು ತನ್ನ ನೆತ್ತಿಯ ಮೇಲೆ ಇರಿಸಿಕೊಂಡು ಕೇಳುತ್ತಿದ್ದಳು: “ಕಲ್ಲು ದಾಟಿಲ್ಲ ಅಂತ ಆಣಿ ಮಾಡು.” ಇವಳು ಮಾಡುತ್ತಿದ್ದಳು.

ದಾಟುತ್ತಿದ್ದಳು. ಸಜ್ಜೆ ತೆನೆಯ ದಿನಗಳವು. ಅಕ್ಕ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಹಾರುವಂತೆ ಊದಿ, ಬಿಸಿ ಕಾಳನ್ನು ಇವಳ ಬಾಯಿಗೆ ಹಾಕುತ್ತಿದ್ದಳು. ಊದುವುದಕ್ಕೆ ಮೂರು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಮಳೆ ಬಂದರೆ ಇಬ್ಬರೂ ಒಂದೇ ಕೌದಿಯೊಳಗೆ. ಒಂದು ದಿನ ಅಕ್ಕ ಕೇಳಿದಳು, “ಲಗ್ನ ಆಗದೋರಿಗೆ ಎಡಿ ಇಡೂದಿಲ್ಲಂತ. ನೀ ಅವ್ವಗ ಹೇಳಿ ನನಗೊಂದು ಇಡಸ್ತೀಯೇನು?” ಬಾಯಿತುಂಬ ಕಾಳಿತ್ತು. ಇವಳು ಹ್ಞೂಂ ಅಂದಿದ್ದಳು.

ಅಕ್ಕ ಸತ್ತ ಮೇಲೆ ಲಕ್ಷ್ಮವ್ವ ಆ ಹೆಸರು ಮನೆಯಲ್ಲಿ ಎತ್ತಗೊಡಲಿಲ್ಲ. ಪ್ರತಿ ವರ್ಷ ಎರಡು ಎಡೆ: ಅಪ್ಪನಿಗೆ, ಅಜ್ಜನಿಗೆ. ಮೂರನೆಯದನ್ನು ಕೇಳಬೇಕಾದರೆ ಅಕ್ಕ ಬೇಡಿದ್ದು ಎಲ್ಲಿ ಎಂದು ಹೇಳಬೇಕು. ಹೇಳಿದರೆ ಅವ್ವನ ನೆತ್ತಿ ಮುಟ್ಟಿ ಮಾಡಿದ ಅಷ್ಟೂ ಆಣೆ ಸುಳ್ಳೆಂದು ಒಪ್ಪಬೇಕು.

ಬೆಳಗಿನವರೆಗೂ ಬಿಕ್ಕಳಿಕೆ ನಿಲ್ಲಲಿಲ್ಲ. ಒಂಬತ್ತಕ್ಕೆ ಲ್ಯಾಬಿನಲ್ಲಿ ಟ್ಯೂಬುಗಳನ್ನು ಹೊರತೆಗೆದು, ರಕ್ತ ಬೇರ್ಪಡಿಸುವ ಯಂತ್ರದಲ್ಲಿಟ್ಟು ಗುಂಡಿ ಒತ್ತಿದಳು. ಯಂತ್ರ ಗುಂಯ್ ಎಂದು ತಿರುಗಿತು. ತಿರುಗುತ್ತಿದ್ದಂತೆ ಬಿಕ್ಕಳಿಕೆ ನಿಂತಿತು. ಮಾತಾಡುತ್ತಿದ್ದವರ ಬಾಯಿ ಯಾರೋ ಮುಚ್ಚಿದ ಹಾಗೆ. ಮಹಾದೇವಿ ಎದೆಯ ಮೇಲೆ ಕೈಯಿಟ್ಟು, ಯಂತ್ರ ನಿಲ್ಲುವ ತನಕ ಅಲ್ಲೇ ನಿಂತಿದ್ದಳು.

ಮಧ್ಯಾಹ್ನ ರಾಧಿಕಾ ಒಳಗೆ ಕರೆದಳು.

“ಡರೋ ಮತ್, ಹೆದರಬೇಡ. ಮೊದಲನೇ ಟ್ಯೂಬ್ ಚುಪ್. ಆದ್ರೆ ನಡುವಿನ ಎರಡೂ... ಇಷ್ಟು ಜೋರು ನಾನು ಈ ವರ್ಷ ನೋಡಿಲ್ಲ. ಜೋರು ಅಂತ ಕಾಯಿಲೆ ಜಾಸ್ತಿ ಅಂತಲ್ಲ, ಹ್ಞಾಂ. ನಾಳೆ ಎಕ್ಸ್‌ರೇ ತೆಗೆಸು.”

“ಯಾರಿಂದ ಬಂತಂತ ಅದು ಹೇಳ್ತದೇನ್ರಿ?”

“ಯಾರಿಂದ, ಯಾವಾಗ, ಏನೂ ಹೇಳೋದಿಲ್ಲ. ನೋಡಿದ್ದೇನೆ ಅಂತ ಮಾತ್ರ ಹೇಳ್ತದೆ.”

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ. ರಾಧಿಕಾ ಹೇಳಿದಳು, ಕ್ರಿಮಿ ಒಳಗೆ ಮಲಗಿರಬಹುದು, ಬೇರೆಯವರಿಗೆ ಹರಡುವುದಿಲ್ಲ, ಏಳದ ಹಾಗೆ ವಾರಕ್ಕೊಮ್ಮೆ ಗುಳಿಗೆ, ಹನ್ನೆರಡು ವಾರ.

“ಮಲಗ್ಯಾವ ಅಂದ್ರ ಜೀವಂತ ಅವ?”

“ಇರಬಹುದು.”

“ಗುಳಿಗಿ ತಗೊಂಡ್ರ?”

“ಸಾಯ್ತವೆ. ಆದ್ರೆ ಆಮೇಲೂ ಈ ಟೆಸ್ಟ್ ಪಾಸಿಟಿವ್ ಬರಬಹುದು. ಕಣಗಳು ಬೇಗ ಮರೆಯೋದಿಲ್ಲ. ಗಾಬರಿಯಾಗಿ ಮತ್ತೆ ಮಾಡಿಸಬೇಡ.”

ಗುಳಿಗೆಯ ಪೊಟ್ಟಣ ದೇವರ ಜಗಲಿಯ ಮೇಲೆ ಎರಡು ದಿನ ಬಿಚ್ಚದೆ ಕೂತಿತು. ಅಕ್ಕನ ಸೀರೆ, ಕೌದಿ, ತಟ್ಟೆ ಎಲ್ಲವನ್ನೂ ಸುಟ್ಟಿದ್ದರು. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಅಕ್ಕನ ಮೈಯಲ್ಲಿ ಬದುಕಿದ್ದ ಯಾವುದೋ ಒಂದು ಇನ್ನೂ ಬದುಕಿದ್ದರೆ, ಅದು ತನ್ನ ಎದೆಯೊಳಗೆ ಮಾತ್ರ. ರಾತ್ರಿ ಮಗ್ಗುಲು ಬದಲಿಸುವಾಗಲೂ ಮಹಾದೇವಿ ನಿಧಾನಕ್ಕೆ ಬದಲಿಸಿದಳು.

ಅಮಾವಾಸ್ಯೆಯ ಬೆಳಿಗ್ಗೆ ಕಸ ಹೊಡೆಯುತ್ತಿದ್ದ ಲಕ್ಷ್ಮವ್ವನ ಕಣ್ಣಿಗೆ ಪೊಟ್ಟಣ ಬಿತ್ತು.

“ಇದ್ಯಾತರ ಗುಳಿಗಿ? ಯಾಕ ತಗೊಂಡಿಲ್ಲ?”

ಮಹಾದೇವಿ ಒಂದೇ ಉಸಿರಿಗೆ ಹೇಳಿದಳು. ಪರೀಕ್ಷೆ, ಕಲ್ಲು, ತೆನೆ, ಕೌದಿ. “ನಿನ್ನ ತಲಿ ಮುಟ್ಟಿ ಸುಳ್ಳು ಹೇಳೀನಿ ಯವ್ವಾ. ದಿನಾ ಹೇಳೀನಿ. ಅಕ್ಕ ತನಗೊಂದು ಎಡಿ ಕೇಳಿದ್ಲು.”

ಲಕ್ಷ್ಮವ್ವ ಪೊರಕೆ ಹಿಡಿದೇ ಕೂತಳು. ಹೊರಗೆ ಒಂದು ಸಲ ಮಳೆ ಬಂದು ಹೋಯಿತು.

“ಊದ್ತಿದ್ಲಾ?”

“ಹ್ಞೂಂ.”

“ಅಕಿಗೆ ಊದೂ ಉಸಿರು ಎಲ್ಲಿತ್ತ...” ಪೊರಕೆ ಕೆಳಗಿಟ್ಟು ಅಂದಳು, “ನಾ ಒಂದು ಸಲಾನೂ ದಾಟಲಿಲ್ಲ, ಮಾದೇವಿ. ಹಡದಾಕಿ ನಾನು. ಕಲ್ಲಿನ ತಂಕ ಹೋಗಿ ತಿರುಗಿ ಬರ್ತಿದ್ದೆ.”

ಆಮೇಲೆ ತೆವಳಿಕೊಂಡು ಬಂದು ಮಗಳ ಎದೆಗೆ ಕಿವಿಯಿಟ್ಟಳು. ಬಾಗಿಲ ಆಚೆ ಇರುವವರನ್ನು ಕರೆಯುವ ದನಿಯಲ್ಲಿ ಕರೆದಳು: “ಚಂದೀ...”

ಮಹಾದೇವಿಗೆ ಒಂದೇ ಒಂದು ಬಿಕ್ಕಳಿಕೆ ಬಂತು. ಲಕ್ಷ್ಮವ್ವ ಕಿವಿ ತೆಗೆಯಲಿಲ್ಲ. “ಕೇಳ್ತು” ಅಂದಳು.

ಮಧ್ಯಾಹ್ನ ಗೋಡೆಗೆ ಅಪ್ಪನ ಫೋಟೋ, ಅಜ್ಜನ ಫೋಟೋ. ಎರಡರ ಮುಂದೆಯೂ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಕಡುಬು. ಪಕ್ಕದಲ್ಲಿ ಲಕ್ಷ್ಮವ್ವ ಮೂರನೆಯ ತಟ್ಟೆ ಇಟ್ಟು, ಅದರ ಹಿಂದೆ ಮಣೆ ಹಾಕಿದಳು.

“ಅಕಿದು ಫೋಟೋ ಇಲ್ಲ. ನೀ ಕುಂದ್ರು.”

ಮಹಾದೇವಿ ಗೋಡೆಗೆ ಬೆನ್ನು ಕೊಟ್ಟು, ಸತ್ತವರ ಸಾಲಿನಲ್ಲಿ ಕೂತಳು. ಲಕ್ಷ್ಮವ್ವ ಅವಳ ಹಣೆಗೂ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿದಳು. ಹಂಚಿನಲ್ಲಿ ಹುರಿದಿಟ್ಟ ಸಜ್ಜೆ ಕಾಳನ್ನು ಅಂಗೈಯಲ್ಲಿ ಉಜ್ಜಿ ಊದಿದಳು. ಈಗ ಅವಳಿಗೂ ಮೂರು ಸಲ ನಿಲ್ಲಬೇಕಾಯಿತು.

“ಬಾಯಿ ತೆರಿ, ಚಂದಿ. ಉಣ್ಣವ್ವ.”

ಮಹಾದೇವಿ ಬಾಯಿ ತೆರೆದಳು. ಜಗಿದದ್ದು ತಾನೋ ಅಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ತಟ್ಟೆ ಖಾಲಿಯಾಗುವವರೆಗೆ ಲಕ್ಷ್ಮವ್ವ ತುತ್ತು ಕೊಟ್ಟಳು, ಒಂದು ಚೂರೂ ಬಿಡಲಿಲ್ಲ. ಕೊನೆಗೆ ಕೈ ತೊಳೆದು, ಜಗಲಿಯ ಮೇಲಿನ ಪೊಟ್ಟಣ ಬಿಚ್ಚಿ ನೀರಿನ ಲೋಟದ ಜೊತೆ ಚಾಚಿದಳು.

“ಉಂಡ್ಲು. ಇನ್ನ ನಿನ್ನ ಗುಳಿಗಿ ತಗೋ, ಮಾದೇವಿ.”

ಮಹಾದೇವಿ ಆ ವಾರದ ಗುಳಿಗೆಗಳನ್ನು ಒಂದೊಂದಾಗಿ ನುಂಗಿ ಲೋಟ ಕೆಳಗಿಟ್ಟಳು. ಆಗ ಬಿಕ್ಕಳಿಕೆ ಬಂದದ್ದು ಲಕ್ಷ್ಮವ್ವನಿಗೆ. ಒಮ್ಮೆ, ಮತ್ತೊಮ್ಮೆ.

“ನೀರು ಕುಡಿ ಯವ್ವಾ. ಯಾರು ನೋಡೋಣು... ಶರಣಬಸಪ್ಪ ಕಾಕಾ?”

ಲಕ್ಷ್ಮವ್ವ ನೀರನ್ನು ಆಚೆ ಸರಿಸಿದಳು.

“ಹೆಸರು ಹೇಳಬ್ಯಾಡ, ನಿಂತುಬಿಡ್ತದ. ನೆನಸ್ಲಿ ಬಿಡು.”