ಪಕ್ಕದವರು ಹೇಳುವ ಹಾಜರಿ

ಸಿಟ್ಟು ಏರಿದಷ್ಟೂ ದನಿ ಇಳಿಸುತ್ತಿದ್ದ ಅಧ್ಯಾಪಕಿಯನ್ನು ನಾನು ಕಂಡದ್ದು ಒಬ್ಬರನ್ನೇ. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಈಚೆ ವಿಜ್ಞಾನದ ಪಾಠಕ್ಕೆ ನಾನು ಗಂಟಲು ಹರಿದುಕೊಳ್ಳುತ್ತಿದ್ದರೆ ಆಚೆ ಗಣಿತದ ಮೇಡಂ ಪಿಸುಗುಟ್ಟುತ್ತಿದ್ದರು, ಮೂವತ್ತೆಂಟು ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ತೀರಿಕೊಂಡ ಅಣ್ಣನ ಬೂದುಬಣ್ಣದ ಕೋಟನ್ನು ಅವರು ತೋಳು ಎರಡು ಸುತ್ತು ಮಡಚಿ ತೊಡುತ್ತಿದ್ದರು. ಅದರ ಜೇಬಿನ ತುಂಬ ಸೀಮೆಸುಣ್ಣದ ಪುಡಿ. ಎಡಗಾಲು ತುಸು ಎಳೆದು ಹಾಕುವ ಆ ನಡಿಗೆಯ ಸದ್ದು ಮೊಗಸಾಲೆಯ ತುದಿಯಿಂದಲೇ ಕೇಳುತ್ತಿದ್ದುದರಿಂದ, ಒಳಗಿನ ಗದ್ದಲ ಅಡಗಲು ಬೇಕಾದಷ್ಟು ವೇಳೆ ಸಿಗುತ್ತಿತ್ತು. ಸದ್ದಿಲ್ಲದೆ ಬಂದು ಹಿಡಿಯಬಾರದೇ ಎಂದು ನಾನು ಕೆಣಕಿದರೆ, “ಹಿಡಿಯೋಕೆ ಬರೋಳಲ್ಲ ನಾನು, ಪಾಠಕ್ಕೆ ಬರೋಳು” ಎನ್ನುತ್ತಿದ್ದರು. ಯಾರು ಏನೇ ಹೇಳಲಿ, “ಅದೂ ಆಯ್ತು” ಎಂಬುದು ಅವರ ಉತ್ತರ. ಒಪ್ಪಿದರೋ ಬಿಟ್ಟರೋ ದೇವರಿಗೇ ಗೊತ್ತು.

ಅವರ ಹಟಗಳಲ್ಲೆಲ್ಲ ವಿಚಿತ್ರವಾದದ್ದು ಹಾಜರಿ. ಸಂಖ್ಯೆ ಕರೆದಾಗ ಆ ಮಗು ಉತ್ತರಿಸುವಂತಿಲ್ಲ. ಪಕ್ಕದಲ್ಲಿ ಕೂತವರು ಅದರ ಮುಖ ನೋಡಿ ಹೇಳಬೇಕು. “ಇದ್ದಾನೆ, ನಿದ್ದೆ ಮಾಡಿಲ್ಲ.” “ಇದ್ದಾಳೆ, ಯಾಕೋ ಮಂಕಾಗಿದ್ದಾಳೆ.” ಹಾಗೆ ಹೇಳುವವರೆಗೆ ಅವರ ಲೇಖನಿ ಪುಸ್ತಕಕ್ಕೆ ತಾಗುತ್ತಿರಲಿಲ್ಲ. ಅಧ್ಯಾಪಕರ ಕೋಣೆಯಲ್ಲಿ ನಾವು ಅದನ್ನು ಆಡಿಕೊಂಡು ನಕ್ಕದ್ದಕ್ಕೆ ಲೆಕ್ಕವಿಲ್ಲ.

ಒಂದು ವರ್ಷ ನಡುವೆ ಬಂದು ಸೇರಿದ ಹುಡುಗಿಗೆ, ಖಾಲಿ ಬಿದ್ದಿದ್ದ ಇಪ್ಪತ್ತೇಳನೆಯ ಸಂಖ್ಯೆ ಬಂತು. ಮೂರು ಶಾಲೆಗಳಿಂದ ಹೊರಬಿದ್ದು ಚಿಕ್ಕಮ್ಮನ ಮನೆಯಲ್ಲಿದ್ದ ಮಗು. ತಿಂಗಳು ತುಂಬುವ ಮೊದಲೇ, ಪಕ್ಕದ ಹುಡುಗಿ ಏನೋ ಗೇಲಿ ಮಾಡಿದಳೆಂದು ಅವಳ ಹಣೆಗೆ ಕಂಪಾಸ್ ಪೆಟ್ಟಿಗೆ ಬೀಸಿದಳು. ಮೂರು ಹೊಲಿಗೆ ಬಿತ್ತು. ಇವಳನ್ನು ಕಳಿಸಿಬಿಡಿ ಎಂದು ಅಧ್ಯಾಪಕರು ಬರೆದ ಪತ್ರದಲ್ಲಿ ಮೊದಲ ಸಹಿ ನನ್ನದು. ಚಿಕ್ಕಮ್ಮ ಬಂದು, “ಇನ್ನೊಂದು ಶಾಲೆ ಅಂತ ನಾನು ಅಲೆಯಲ್ಲ, ಓದಿದ್ದು ಸಾಕು” ಎಂದು ಕಡ್ಡಿ ಮುರಿದಂತೆ ಹೇಳಿ ಹೋದರು.

ಮುಖ್ಯೋಪಾಧ್ಯಾಯಿನಿ ಗಣಿತದ ಮೇಡಂಗೆ ಒಂದು ವಾರ ಗಡುವು ಕೊಟ್ಟರು. “ಸೋಮವಾರ ನಾನೇ ಬಂದು ನೋಡ್ತೀನಿ. ಮಕ್ಕಳು ಅವಳನ್ನ ಸೇರಿಸ್ಕೊಂಡಿಲ್ಲ ಅಂದ್ರೆ ಕಳಿಸೋದೇ.”

ಸೋಮವಾರ ಅವರು ಪತ್ರ ಹಿಡಿದು ಬಾಗಿಲಲ್ಲಿ ನಿಂತರು, ಹಿಂದೆ ನಾನು.

“ಇಪ್ಪತ್ತೇಳು,” ಮೇಡಂ ಕರೆದರು.

ಹಣೆಗೆ ಪಟ್ಟಿ ಕಟ್ಟಿಕೊಂಡ ಹುಡುಗಿ ಕಿಟಕಿಯತ್ತ ಮುಖ ತಿರುಗಿಸಿದಳು. ಇಪ್ಪತ್ತೇಳರ ಹುಡುಗಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹಿಂದಿನ ಬೆಂಚಿನಿಂದ ಯಾರೋ “ಇದ್ದಾಳೆ” ಎಂದರು.

“ಪಕ್ಕದವರು,” ಎಂದರು ಮೇಡಂ.

ಗೋಡೆಯ ಗಡಿಯಾರದ ಮುಳ್ಳು ನಾಲ್ಕು ನಿಮಿಷ ಸರಿಯಿತು. ಮುಖ್ಯೋಪಾಧ್ಯಾಯಿನಿ ತಾಳ್ಮೆಗೆಟ್ಟು, “ಮುಂದಕ್ಕೆ ಹೋಗಿ ಮೇಡಂ. ಕಣ್ಣೆದುರಿಗೇ ಕೂತಿದ್ದಾಳಲ್ಲ” ಎಂದರು.

“ನನಗೆ ಕಾಣ್ತಿದ್ದಾಳೆ. ಹೇಳಬೇಕಾದವರು ಇನ್ನೂ ಹೇಳಿಲ್ಲ.”

ದನಿ ಎಷ್ಟು ಇಳಿದಿತ್ತೆಂದರೆ ತುಟಿ ನೋಡಿ ಅರ್ಥಮಾಡಿಕೊಳ್ಳಬೇಕಾಯಿತು. ಆ ಸಿಟ್ಟು ಮಕ್ಕಳ ಮೇಲಿನದಲ್ಲ, ಬಾಗಿಲಲ್ಲಿ ನಿಂತ ನಮ್ಮ ಮೇಲಿನದೆಂದು ಹೊಳೆದು ನನಗೆ ನಾಚಿಕೆಯಾಯಿತು. ಲೇಖನಿಯನ್ನು ಎತ್ತಿ ಹಿಡಿದೇ ಅವರು ಮುಖ್ಯೋಪಾಧ್ಯಾಯಿನಿಯ ಕೈಯಲ್ಲಿದ್ದ ಪತ್ರವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಇದ್ದಾಳೆ.” ಪಟ್ಟಿಯ ಹುಡುಗಿ ಕಿಟಕಿಯಿಂದ ತಿರುಗಿದ್ದಳು. “ನಂಗಿನ್ನೂ ಸಿಟ್ಟು ಹೋಗಿಲ್ಲ, ಮೇಡಂ.”

“ಅದೂ ಆಯ್ತು. ಇಪ್ಪತ್ತೆಂಟು?”

ಇಪ್ಪತ್ತೆಂಟು ಹಣೆಗೆ ಪಟ್ಟಿ ಕಟ್ಟಿದ ಆ ಹುಡುಗಿಯೇ. ಉತ್ತರ ಕೊಡಬೇಕಾದವಳು ಹೊಡೆದವಳು. ಅವಳು ಅತ್ತ ತಿರುಗಿ ಆ ಹಣೆಯನ್ನು ನೋಡಿದಳು.

“ಇದ್ದಾಳೆ,” ಎಂದಳು. “ನೋವಿದೆ ಅವಳಿಗೆ.”

ಲೇಖನಿ ಎರಡು ಗುರುತು ಹಾಕಿತು. ಮೊಗಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಪತ್ರವನ್ನು ನನ್ನ ಕೈಗಿಟ್ಟು, “ಮೊದಲ ಸಹಿ ನಿಮ್ದೇ ಅಲ್ವಾ, ನೀವೇ ಇಟ್ಕೊಳ್ಳಿ” ಎಂದರು. ಆ ಹುಡುಗಿಯರು ಆಮೇಲೆಯೂ ಜಗಳವಾಡಿದರು, ಆದರೆ ಒಂದೇ ಬೆಂಚಿನಲ್ಲಿ ವರ್ಷ ಮುಗಿಸಿದರು.

ಇಂಥ ಅಧ್ಯಾಪಕರು ಮಕ್ಕಳನ್ನು ತಿದ್ದುತ್ತಾರೆಂದು ಹೊಗಳುವುದು ವಾಡಿಕೆ. ನಾನು ಕಂಡಂತೆ ಅವರು ಕಾಯುತ್ತಾರೆ. ಒಬ್ಬರಿಗೆ ಇನ್ನೊಬ್ಬರು ಕಾಣುವವರೆಗೆ, ಹೆದರಿಕೆಯಾದರೂ ಲೇಖನಿ ಇಳಿಸದೆ ಕಾಯುತ್ತಾರೆ. ಅಂಥವರ ಪಕ್ಕದ ಕೋಣೆಯಲ್ಲಿ ನಾನು ಹನ್ನೊಂದು ವರ್ಷ ಹಾಜರಿ ಕರೆದೆ. ನನ್ನ ಮಕ್ಕಳು “ಬಂದಿದ್ದೀನಿ ಸಾರ್” ಎನ್ನುತ್ತಿದ್ದರು. ನಾನು ತಲೆಯೆತ್ತದೆ ಗುರುತು ಹಾಕುತ್ತಿದ್ದೆ.