ಫಿರ್ಮಿನ್‌ನ ಕೈಗಳು

ದಕ್ಷಿಣ ಫ್ರಾನ್ಸಿನ ಕೋರ್ಬಿಯೇರ್ ಗುಡ್ಡಗಳ ದ್ರಾಕ್ಷಿ ಊರುಗಳಲ್ಲಿ ಹದಿನೈದು ಮಂದಿಯ ರಗ್ಬಿ ಆಡುವವನೂ ಹದಿಮೂರು ಮಂದಿಯ ರಗ್ಬಿ ಆಡುವವನೂ ಒಂದೇ ಕೆಫೆಯಲ್ಲಿ ಕೂತು ಕುಡಿಯುವುದಿಲ್ಲ. ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಹದಿಮೂರು ಮಂದಿಯ ಆಟದ ಫಿರ್ಮಿನ್ ಮತ್ತೆ ಫ್ರಾನ್ಸ್ ತಂಡಕ್ಕೆ ಆಯ್ಕೆಯಾದಾಗ ಎರಡೂ ಕೆಫೆಯವರು ಕತ್ತರಿ ಹಿಡಿದು ಬಂದು ಅವನ ದ್ರಾಕ್ಷಿ ಬಳ್ಳಿಗಳ ರೆಂಬೆ ಸವರುವ ಚಾಟನಿ ಕೆಲಸ ಮುಗಿಸಿಕೊಟ್ಟರು.

"ನೀನು ಇಂಗ್ಲಿಷರ ಕೊಬ್ಬು ಇಳಿಸು ಮಾರಾಯ, ಬಳ್ಳಿ ನಾವು ನೋಡ್ಕೋತೀವಿ."

ಸದ್ಯ, ಬಚಾವಾದೆ ಅಂದುಕೊಂಡ ಫಿರ್ಮಿನ್. ನವೆಂಬರಿನ ಪಂದ್ಯದಲ್ಲಿ ತಲೆ ಕೊಟ್ಟು ನೂಕುವಾಗ ಕುತ್ತಿಗೆ ಲಟಕ್ಕೆಂದಿತ್ತು. ಅಂದಿನಿಂದ ಎರಡೂ ಕೈ ಮರಗಟ್ಟಿದ್ದವು. ಕತ್ತರಿ ಹಿಡಿದಿದ್ದರೆ ಗುಟ್ಟು ಬಯಲಾಗುತ್ತಿತ್ತು. ತಂಡದ ಡಾಕ್ಟರಿಗೆ ತಿಳಿದರೆ ಫ್ರಾನ್ಸ್ ತಂಡದ ನೀಲಿ ಅಂಗಿಯ ಋಣ ಅಲ್ಲಿಗೆ ತೀರಿತು. ವಿಚಿತ್ರವೆಂದರೆ ಆಯ್ಕೆಯ ಸುದ್ದಿ ಬಂದಾಗಲೂ ಅವನಿಗೆ ಸಂತೋಷವಾಗಿರಲಿಲ್ಲ. ಮರಗಟ್ಟಿದ್ದು ಕೈ ಮಾತ್ರವೇ ಅಲ್ಲವೇನೋ.

ಹೊರಡುವ ಬೆಳಿಗ್ಗೆ ಹೆಂಡತಿ ರೋಸೀನ್ ಮಗುವನ್ನೆತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಇದು ಹುಟ್ಟಿ ತಿಂಗಳ ಮೇಲಾಯ್ತು. ಒಂದ್ಸಲಾನೂ ಎತ್ಕೊಂಡಿಲ್ಲ ನೀನು. ಹೆಣ್ಣು ಅಂತ ತಾನೆ?"

"ಛೆ, ಹಾಗಲ್ವೇ."

"ಹಾಗಾದ್ರೆ ಹಿಡಿ."

ರೋಸೀನ್ ಮಗುವನ್ನು ಅವನ ಕೈಗಿಟ್ಟಳು. ಭಾರ ಭುಜಕ್ಕೆ ತಿಳಿಯಿತು, ಬೆರಳಿಗೆ ತಿಳಿಯಲಿಲ್ಲ. ಹಿಡಿದಿದ್ದಾನೋ ಬಿಟ್ಟಿದ್ದಾನೋ ಎಂಬುದನ್ನು ಕಣ್ಣಿಂದ ನೋಡಿಯೇ ಅರಿಯಬೇಕು. ಅವನಿಗೆ ಭಯವಾಯಿತು.

"ತಗೋ ರೋಸೀನ್, ಬೇಗ ತಗೋ! ಕೈಗೇನೂ ಗೊತ್ತಾಗ್ತಿಲ್ಲ."

ಅವಳು ಮಗುವನ್ನು ಕಿತ್ತುಕೊಂಡಳು. ಅವನ ಬೆರಳೊಂದನ್ನು ಬಲವಾಗಿ ಚಿವುಟಿದಳು. ಅವನು ಮಿಸುಕಲಿಲ್ಲ.

"ಮಗು ಹಿಡಿಯೋಕಾಗದ ಕೈಲಿ ಇಂಗ್ಲಿಷರನ್ನ ಹಿಡೀತೀಯಾ?"

"ಅಲ್ಲಿ ಭುಜ ಸಾಕು," ಎಂದು ಅವನು ಹೊರಗೆ ನಡೆದ.

ಕೋಚ್ ಬಾಪ್ತಿಸ್ತ್ ಕಾರಿನಲ್ಲಿ ಕಾಯುತ್ತಿದ್ದ. ಒಂದು ಕಾಲಕ್ಕೆ ಅವನೂ ನೀಲಿ ಅಂಗಿ ತೊಟ್ಟವನೇ. ಫಿರ್ಮಿನ್ ಚೀಲವನ್ನು ಹಿಂದಿನ ಸೀಟಿಗೆ ತಳ್ಳಿ, ಹತ್ತುವ ಮುಂಚೆ ಕೈಯ ವಿಷಯ ಹೇಳಿಬಿಟ್ಟ. ಮುದುಕ ಗಹಗಹಿಸಿ ನಕ್ಕ.

"ಅಷ್ಟೇನಾ? ನಂಗೆ ಇಪ್ಪತ್ತು ವರ್ಷದಿಂದ ಹೀಗೇ ಕಣೋ. ಅಭ್ಯಾಸ ಆಗೋಗುತ್ತೆ. ಡಾಕ್ಟರ ಹತ್ರ ಬಾಯಿ ಬಿಡ್ಬೇಡ. ಹತ್ತು, ಹತ್ತು."

"ಮೊಮ್ಮಕ್ಕಳನ್ನ ಎತ್ಕೋತಿದ್ರಾ ನೀವು?"

ಬಾಪ್ತಿಸ್ತ್‌ನ ನಗು ನಿಂತಿತು.

"ಇಲ್ಲ. ಅವೇ ಬಂದು ತೊಡೆ ಹತ್ತಿ ಕೂತ್ಕೋತಿದ್ವು," ಅಂದ. "ಈಗ ದೊಡ್ಡವಾದ್ವು."

ನೀಲಿ ಅಂಗಿ ಬಿಡುವುದಕ್ಕೆ ದುಃಖವಾಗಬಹುದೆಂದು ಫಿರ್ಮಿನ್ ಒಂದು ಗಳಿಗೆ ಕಾದ. ಆಗಲಿಲ್ಲ. ಹಿಂದಿನ ಬಾಗಿಲು ತೆರೆದು ತನ್ನ ಚೀಲವನ್ನು ಹೊರಗೆಳೆದುಕೊಂಡ.